ಮಗು ಆಸ್ಪತ್ರೆಯಲ್ಲಿರುವಾಗ ತಾಯಿಯನ್ನು ಡಿಸ್ಚಾರ್ಜ್ ಮಾಡಬೇಡಿ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ದಿನ ತುಂಬದೆ ಹುಟ್ಟಿ ನವಜಾತ ಶಿಶು ಘಟಕದಲ್ಲಿರುವ ಮಕ್ಕಳ ತಾಯಂದಿರಿಗೆ ಹಾಸಿಗೆ, ಊಟ ಮತ್ತು ಮಗುವಿನ ಜೊತೆ ಇರುವ ಅವಕಾಶ ಕೊಡುವ ಬಗ್ಗೆ

ಮಾನ್ಯರೇ,

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಬಹಳ ವರ್ಷ ಪಾಠ ಮಾಡಿ ನಿವೃತ್ತಳಾದವಳು. ಸರ್ಕಾರದ ಸುತ್ತೋಲೆ ಹೇಗೆ ಹೊರಡುತ್ತದೆ, ಹೇಗೆ ಬೀರು ಸೇರುತ್ತದೆ ಅನ್ನುವುದು ಚೆನ್ನಾಗಿ ಗೊತ್ತು. ಹಾಗಾಗಿ ಈ ಪತ್ರದಲ್ಲಿ ಹೊಸ ಯೋಜನೆ ಕೇಳುತ್ತಿಲ್ಲ. ಹೊಸ ಹೆಸರಿನ ಇನ್ನೊಂದು ಭಾಗ್ಯವನ್ನೂ ಕೇಳುತ್ತಿಲ್ಲ. ಕೇಳುತ್ತಿರುವುದು ಒಂದೇ ಆದೇಶ. ಮಗು ಎಸ್‌ಎನ್‌ಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿ, ಇರುವಷ್ಟು ದಿನವೂ ಅದರ ತಾಯಿಯ ಹೆಸರು ಒಳರೋಗಿಗಳ ರಿಜಿಸ್ಟರಿನಲ್ಲಿ ಇರಬೇಕು. ಅಷ್ಟೇ. ಇದು ಯಾಕೆ ಬೇಕು ಅನ್ನುವುದನ್ನು ಮಾತ್ರ ಸ್ವಲ್ಪ ಉದ್ದವಾಗಿ ಹೇಳಬೇಕಾಗಿದೆ. ತಾಳ್ಮೆಯಿಂದ ಓದಿ.

ನನ್ನ ಮಗಳಿಗೆ ಏಳನೇ ತಿಂಗಳಲ್ಲಿ ಬಿಪಿ ಏರಿತು. ತಾಲ್ಲೂಕು ಆಸ್ಪತ್ರೆಯವರು ತಡ ಮಾಡದೆ 108ರಲ್ಲಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. 31 ವಾರಕ್ಕೆ ಸಿಸೇರಿಯನ್ ಆಯಿತು. ಹೆಣ್ಣು ಮಗು, ತೂಕ ಒಂದು ಕೆಜಿ ನಾನೂರು ಗ್ರಾಂ. ಹುಟ್ಟಿದ ಕೂಡಲೇ ಎಸ್‌ಎನ್‌ಸಿಯುಗೆ, ಅಂದರೆ ನಮ್ಮ ಜನ 'ಪೆಟ್ಟಿಗೆ ರೂಮು' ಅನ್ನುವ ಘಟಕಕ್ಕೆ ಒಯ್ದರು. ಅಲ್ಲಿನ ಡಾಕ್ಟರು, ಸಿಸ್ಟರುಗಳು ಮಗುವನ್ನು ಉಳಿಸಿದರು. ಈಗ ಅವಳು ಮನೆಯಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದಾಳೆ. ಆ ಋಣ ದೊಡ್ಡದು. ಆಸ್ಪತ್ರೆಯ ಹೆಸರನ್ನು ಬರೆಯುತ್ತಿಲ್ಲ. ನನ್ನ ದೂರು ಒಂದು ಆಸ್ಪತ್ರೆಯ ಮೇಲೆ ಅಲ್ಲ. ಬೇರೆ ಬೇರೆ ಜಿಲ್ಲೆಗಳಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯರನ್ನು ಕೇಳಿದೆ. ಹೆಚ್ಚುಕಡಿಮೆ ಎಲ್ಲರೂ ಇದೇ ಕತೆ ಹೇಳಿದರು.

ಆಗಲೇ ಯಾಕೆ ಬರೆಯಲಿಲ್ಲ ಎಂದು ಕೇಳಬಹುದು. ಮಗು ಒಳಗಿತ್ತು ಸ್ವಾಮಿ. ಮಗು ಒಳಗಿರುವಾಗ ಯಾವ ಅಜ್ಜಿಯೂ ದೂರು ಬರೆಯುವುದಿಲ್ಲ.

ಸಿಸೇರಿಯನ್ ಆದ ಏಳನೇ ದಿನ ಮಗಳ ಹೊಲಿಗೆ ನೋಡಿ, ಕೇಸ್ ಶೀಟ್ ಮುಗಿಸಿ, ಡಿಸ್ಚಾರ್ಜ್ ಚೀಟಿ ಕೈಗೆ ಕೊಟ್ಟರು. ಹಾಸಿಗೆ ಬೇರೆಯವರಿಗೆ ಬೇಕಾಗಿತ್ತು. ಅದೂ ನಿಜವೇ, ಒಂದು ಮಂಚಕ್ಕೆ ಇಬ್ಬರು ಬಾಣಂತಿಯರು ಇದ್ದರು. ಮಗು ಮಾತ್ರ ಇನ್ನೂ ವಾರಗಟ್ಟಲೆ ಇರಬೇಕಿತ್ತು. ಬೆಳಿಗ್ಗೆ ಬಾಣಂತಿಯಾಗಿದ್ದವಳು ಮಧ್ಯಾಹ್ನಕ್ಕೆ ಅಟೆಂಡರ್ ಆದಳು. ಅಟೆಂಡರಿಗೆ ಮಂಚ ಇಲ್ಲ, ಊಟ ಇಲ್ಲ, ಬಿಸಿನೀರು ಇಲ್ಲ. ಮಗು ನೋಡಲು ಗೇಟಿನಲ್ಲಿ ಪಾಸ್ ತೋರಿಸಬೇಕು. ನಮ್ಮ ಊರು ಅಲ್ಲಿಂದ 60 ಕಿಲೋಮೀಟರು. ಹಸಿ ಹೊಲಿಗೆಯಲ್ಲಿ ದಿನಾ ಬಸ್ಸಿನಲ್ಲಿ ಓಡಾಡುವ ಮಾತೇ ಇಲ್ಲ. ಹತ್ತಿರದಲ್ಲಿ ಒಂದು ಕೋಣೆ ಬಾಡಿಗೆ ಹಿಡಿದೆವು. ನನಗೆ ಪೆನ್ಷನ್ ಬರುತ್ತದೆ, ಆದ್ದರಿಂದ ಆಯಿತು.

ಪೆನ್ಷನ್ ಇಲ್ಲದವರು ಎಲ್ಲಿದ್ದರು ಗೊತ್ತೇ? ಎಸ್‌ಎನ್‌ಸಿಯು ಹೊರಗಿನ ಕಾರಿಡಾರಿನಲ್ಲಿ. ಚಾಪೆ, ಒಂದು ಚಾದರ, ಒಂದು ಪ್ಲಾಸ್ಟಿಕ್ ಬುಟ್ಟಿ, ನೀರಿನ ಬಾಟಲಿ. ಹೆತ್ತು ಹತ್ತು ದಿನವೂ ಆಗದ ಹೆಂಗಸರು ನೆಲದ ಮೇಲೆ ಮಲಗಿದ್ದರು. ಸಿಸೇರಿಯನ್ ಆದವಳು ನೆಲದಿಂದ ಏಳುವುದು ಹೇಗೆ ಅಂತ ಯಾವ ಹೆಂಗಸನ್ನಾದರೂ ಕೇಳಿ. ಒಬ್ಬಳು ಗೋಡೆ ಪಕ್ಕದಲ್ಲೇ ಮಲಗುತ್ತಿದ್ದಳು, ಏಳುವಾಗ ಕಿಟಕಿಯ ಸರಳು ಹಿಡಿಯಲು ಸಿಗಲಿ ಅಂತ. ಸ್ನಾನಕ್ಕೆ ಗೇಟಿನ ಹೊರಗಿನ ದುಡ್ಡು ಕೊಡುವ ಶೌಚಾಲಯ. ಊಟಕ್ಕೆ ಯಾರೋ ಊರಿನಿಂದ ತಂದರೆ ರೊಟ್ಟಿ, ಇಲ್ಲದಿದ್ದರೆ ಬನ್ನು, ಟೀ. ನಮ್ಮ ಮನೆಗಳಲ್ಲಿ ಬಾಣಂತಿಗೆ ತಣ್ಣೀರು ಮುಟ್ಟಿಸುವುದಿಲ್ಲ, ಕಿವಿಗೆ ಹತ್ತಿ ಇಡದೆ ಹೊಸಿಲು ದಾಟಲು ಬಿಡುವುದಿಲ್ಲ. ಬೆಳ್ಳುಳ್ಳಿ, ಮೆಣಸಿನ ಸಾರು, ತುಪ್ಪ ಅಂತ ಒಂದೊಂದು ತುತ್ತನ್ನೂ ಲೆಕ್ಕ ಹಾಕಿ ಕೊಡುತ್ತೇವೆ. ಈ ಆಚಾರಗಳಲ್ಲಿ ಎಲ್ಲವೂ ಸರಿ ಅಂತ ವಾದಿಸುವುದಿಲ್ಲ. ಆದರೆ ಹೆತ್ತವಳಿಗೆ ವಿಶ್ರಾಂತಿ, ಬಿಸಿ ಊಟ ಬೇಕು ಅನ್ನುವಷ್ಟು ತಿಳಿವಳಿಕೆ ನಮ್ಮ ಮುತ್ತಜ್ಜಿಯರಿಗೂ ಇತ್ತು, ಅಲ್ವಾ?

ಇದು ಬರೀ ಅನುಕೂಲದ ಮಾತಲ್ಲ. ಕಾರಿಡಾರಿನಲ್ಲಿ ಇದ್ದವರಲ್ಲಿ ನನ್ನ ಮಗಳಂತೆ ಬಿಪಿಯಿಂದ ಬೇಗ ಹೆತ್ತವರು ಇದ್ದರು. ಹೆರಿಗೆಯಾದ ಮೇಲೂ ಕೆಲವು ವಾರ ಬಿಪಿ ಅಪಾಯದ ಮಟ್ಟಕ್ಕೆ ಏರಬಹುದು ಅಂತ ಡಾಕ್ಟರೇ ಹೇಳುತ್ತಾರೆ. ಆದರೆ ಡಿಸ್ಚಾರ್ಜ್ ಆದವಳ ಬಿಪಿ ಯಾರು ನೋಡಬೇಕು? ಊರಿನ ಆಶಾ ಕಾರ್ಯಕರ್ತೆ ಮನೆಗೆ ಹೋದರೆ ಬೀಗ ಹಾಕಿದೆ. ಆಸ್ಪತ್ರೆಯಲ್ಲಿ ಇವಳ ಕೇಸ್ ಶೀಟ್ ಇಲ್ಲ. ಒಂದು ಹೆಣ್ಣು ಜಿಲ್ಲಾ ಆಸ್ಪತ್ರೆಯ ಒಳಗೇ, ಪ್ರಸೂತಿ ವಾರ್ಡಿಗೆ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ಹೊಲಿಗೆ ಕೀವು ಕಟ್ಟಿ ಜ್ವರ ಬಂದು ಮಲಗಿದ್ದಳು. ಹೊರರೋಗಿ ಚೀಟಿ ಮಾಡಿಸಿ ಸಾಲಿನಲ್ಲಿ ನಿಲ್ಲಿ ಅಂದರು. ಸಾಲಿನಲ್ಲಿ ಅವಳ ಅತ್ತೆ ನಿಂತರು.

ಈಗ ನಿಮ್ಮ ಇಲಾಖೆಯ ಕಾಗದಗಳನ್ನೇ ನೋಡೋಣ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರ ಜೂನ್‌ನಲ್ಲಿ ಶುರುವಾಯಿತು. ಒಳ್ಳೆಯ ಕಾರ್ಯಕ್ರಮ. ಹೆರಿಗೆ, ಔಷಧಿ, ರಕ್ತ, ವಾಹನ ಎಲ್ಲ ಉಚಿತ. ಕಾಯಿಲೆಯ ಕೂಸಿಗೆ ಮೊದಲು 30 ದಿನ, ಆಮೇಲೆ ಒಂದು ವರ್ಷದವರೆಗೂ ಚಿಕಿತ್ಸೆ ಉಚಿತ ಮಾಡಿದರು. ಆದರೆ ತಾಯಿಯ ಊಟದ ಲೆಕ್ಕ ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನಕ್ಕೆ ನಿಂತಿದೆ. ದಿನ ತುಂಬಿ ಹೆತ್ತವಳಿಗೆ ಅದು ಸಾಕು. 31 ವಾರಕ್ಕೆ ಹೆತ್ತವಳಿಗೆ ಹೇಗೆ ಸಾಕಾಗುತ್ತದೆ? ಮಗುವಿಗೆ ಒಂದು ವರ್ಷ ಕೊಟ್ಟ ಸರ್ಕಾರ ಆ ಮಗುವಿಗೆ ಹಾಲು ಕೊಡುವವಳಿಗೆ ಏಳು ದಿನ ಕೊಟ್ಟಿದೆ.

ಇನ್ನು ಮಾತೃಪೂರ್ಣ. 2017ರ ಅಕ್ಟೋಬರ್ 2ರಿಂದ ನಮ್ಮ ರಾಜ್ಯದಲ್ಲಿ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಇದೆ. ಅನ್ನ, ಸಾರು, ಸೊಪ್ಪು, ಮೊಟ್ಟೆ, ಹಾಲು, ಕಡಲೆಬೀಜದ ಚಿಕ್ಕಿ. ಕಾರಿಡಾರಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ತಾಂಡಾದ ಹುಡುಗಿಯ ಹೆಸರು ಅವಳ ಊರಿನ ಅಂಗನವಾಡಿ ಪುಸ್ತಕದಲ್ಲಿ ಇತ್ತು. ಅವಳ ಪಾಲಿನ ಊಟ ಅಲ್ಲಿ, ಅವಳು ಇಲ್ಲಿ. ಹಾಲು ಬರುತ್ತಿಲ್ಲ ಅಂತ ಸಿಸ್ಟರ್ ಬೈದರೆ ತಲೆ ತಗ್ಗಿಸುತ್ತಿದ್ದಳು. ಏನು ತಿಂದೆ ಅಂತ ಕೇಳಿದೆ. ಬೆಳಿಗ್ಗೆ ಎರಡು ಬಿಸ್ಕತ್ತು. ಆಗ ಮಧ್ಯಾಹ್ನ ಮೂರು ಗಂಟೆ.

ಹಾಲಿನ ಮಾತು ಬಂತು, ಅದನ್ನು ಪೂರ್ತಿ ಹೇಳಿಬಿಡುತ್ತೇನೆ. ಸುಮಾರು 34 ವಾರ ತುಂಬುವ ಮೊದಲು ಹುಟ್ಟಿದ ಮಗುವಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಹೊಂದಿಸಿಕೊಳ್ಳಲು ಬರುವುದಿಲ್ಲ. ಅದಕ್ಕೇ ಮೊದಲು ಮೂಗಿನ ಅಥವಾ ಬಾಯಿಯ ಪೈಪಿನಲ್ಲಿ, ಆಮೇಲೆ ಒಳಲೆಯಲ್ಲಿ ಹಾಲು. ಆ ಹಾಲನ್ನು ತಾಯಿ ಹಿಂಡಿ ಕೊಡಬೇಕು. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ. ಮಗು ಬಾಯಿ ಹಾಕದೆ ಹಾಲು ಇಳಿಯುವುದು ಸುಲಭವಲ್ಲ. ಮೊದಲ ಒಂದೆರಡು ವಾರ ಸರಿಯಾಗಿ ಹಿಂಡದಿದ್ದರೆ ಹಾಲು ಬತ್ತಿಹೋಗುತ್ತದೆ. ದಿನ ತುಂಬದ ಮಗುವಿನ ಕರುಳು ಬಲು ಸೂಕ್ಷ್ಮ. ಡಬ್ಬಿ ಹಾಲು ಕುಡಿದ ಮಕ್ಕಳಲ್ಲಿ ಕರುಳು ಕೊಳೆಯುವ ಕಾಯಿಲೆ ಜಾಸ್ತಿ, ತಾಯಿಹಾಲು ಕುಡಿದವರಲ್ಲಿ ಕಡಿಮೆ. ಅಂದರೆ ಆ ಕಾರಿಡಾರಿನಲ್ಲಿ ಹಿಂಡುತ್ತಿದ್ದ ಐದು ಎಂಎಲ್, ಹತ್ತು ಎಂಎಲ್ ಒಂದು ಔಷಧಿ. ಅದನ್ನು ಎಲ್ಲಿ ಕೂತು ಹಿಂಡುತ್ತಿದ್ದರು ಅಂದುಕೊಂಡಿರಿ? ಗೋಡೆಗೆ ಮುಖ ಮಾಡಿ, ಸೆರಗು ಹೊದ್ದು, ಗಂಡಸರು ಓಡಾಡುವ ದಾರಿಯಲ್ಲಿ. ಒಂದು ಪರದೆ ಇರಲಿಲ್ಲ. ಒರಗಿ ಕೂರುವ ಒಂದು ಕುರ್ಚಿಯೂ ಇರಲಿಲ್ಲ. ಕೊನೆಗೆ ನಾವು ನಾಲ್ಕು ಜನ ಅಜ್ಜಿಯರು ಎರಡು ಬೆಡ್‌ಶೀಟು ಹಿಡಿದು ನಿಲ್ಲುತ್ತಿದ್ದೆವು.

ಸಾರ್ವಜನಿಕ ಆಸ್ಪತ್ರೆಗಳಲ್ಲಿ ಎದೆಹಾಲಿನ ಕೇಂದ್ರ ಹೇಗಿರಬೇಕು ಅಂತ ಕೇಂದ್ರ ಸರ್ಕಾರ 2017ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಮುಂಬೈಯ ಸಯನ್ ಆಸ್ಪತ್ರೆಯಲ್ಲಿ ಎದೆಹಾಲಿನ ಬ್ಯಾಂಕ್ ಶುರುವಾಗಿದ್ದು 1989ರಲ್ಲಿ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲೂ ಈಗ ಅಂಥ ಬ್ಯಾಂಕ್ ಇದೆ. ಎಲ್ಲ ಜಿಲ್ಲೆಗೂ ಹಾಲಿನ ಬ್ಯಾಂಕ್ ನಾಳೆಯೇ ಕೊಡಿ ಅಂತ ಕೇಳುವುದಿಲ್ಲ. ಒಂದು ಕೋಣೆ, ಬಾಗಿಲಿಗೆ ಚಿಲಕ, ಕುರ್ಚಿಗಳು, ಕೈ ತೊಳೆಯುವ ನೀರು, ಒಂದು ಫ್ರಿಜ್ಜು, ಒಂದೆರಡು ಪಂಪು. ಇಷ್ಟಕ್ಕೆ ಬಜೆಟ್ ಅಧಿವೇಶನ ಬೇಕಾ?

ತಾಯಿ ಹತ್ತಿರ ಇರಬೇಕು ಅನ್ನುವುದಕ್ಕೆ ಹಾಲು ಒಂದೇ ಕಾರಣವಲ್ಲ. ಕಾಂಗರೂ ಆರೈಕೆ ಅಂತ ನಿಮ್ಮ ಇಲಾಖೆಯ ಪೋಸ್ಟರುಗಳಲ್ಲೇ ಇದೆ. ಮಗುವನ್ನು ಬಟ್ಟೆಯಿಲ್ಲದೆ ಎದೆಗೆ ಒತ್ತಿ ಕಟ್ಟಿಕೊಳ್ಳುವುದು. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾದ ಡಾಕ್ಟರುಗಳು ಇದನ್ನು ಶುರುಮಾಡಿದರು, ಇನ್‌ಕ್ಯುಬೇಟರ್, ಅಂದರೆ ಮಗುವನ್ನು ಬೆಚ್ಚಗಿಡುವ ಪೆಟ್ಟಿಗೆ, ಸಾಲದೇ ಹೋದಾಗ. ಬಹಳ ಕಾಲ ಇದು ಬಡವರ ಉಪಾಯ ಅಂತಲೇ ಇತ್ತು. ಮಗು ಸುಧಾರಿಸಿದ ಮೇಲೆ ಕಾಂಗರೂ, ಅಲ್ಲಿಯವರೆಗೆ ಪೆಟ್ಟಿಗೆ ಅನ್ನುವ ಪದ್ಧತಿ ನಡೆದುಬಂತು. ಅದು ಸರಿಯೇ ಅಂತ ಪರೀಕ್ಷೆ ಮಾಡಿ ನೋಡಿದರು. ಭಾರತ, ಘಾನಾ, ಮಲಾವಿ, ನೈಜೀರಿಯಾ, ಟಾಂಜಾನಿಯಾದ ಆಸ್ಪತ್ರೆಗಳಲ್ಲಿ, 1 ಕೆಜಿಯಿಂದ 1.8 ಕೆಜಿಯೊಳಗಿನ 3,211 ಮಕ್ಕಳ ಮೇಲೆ. ನಮ್ಮ ದೇಶದಿಂದ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಇತ್ತು. ಅರ್ಧದಷ್ಟು ಮಕ್ಕಳಿಗೆ ಹುಟ್ಟಿದ ಕೂಡಲೇ ಕಾಂಗರೂ ಆರೈಕೆ, ಅದೂ ತಾಯಿಯ ಮಂಚವನ್ನೇ ಐಸಿಯು ಒಳಗೆ ಹಾಕಿ. ಉಳಿದವರಿಗೆ ಹಳೆಯ ಪದ್ಧತಿ. ಫಲಿತಾಂಶ 2021ರಲ್ಲಿ ಬಂತು. 28 ದಿನದೊಳಗೆ ತೀರಿಕೊಂಡವರು ಹಳೆಯ ಪದ್ಧತಿಯಲ್ಲಿ ನೂರಕ್ಕೆ 15.7, ತಾಯಿಯ ಜೊತೆ ಇದ್ದವರಲ್ಲಿ 12. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಅಧ್ಯಯನವನ್ನೇ ಅರ್ಧಕ್ಕೆ ನಿಲ್ಲಿಸಿದರು. ಉಳಿದ ಮಕ್ಕಳಿಗೆ ಇದನ್ನು ಕೊಡದೆ ಇರುವುದು ಸರಿಯಲ್ಲ ಅಂತ.

ನೂರಕ್ಕೆ ಹೆಚ್ಚುಕಡಿಮೆ ನಾಲ್ಕು ಮಕ್ಕಳು. ನಾನು ಗಣಿತದ ಟೀಚರ್ ಅಲ್ಲ, ಆದರೂ ಲೆಕ್ಕ ಅರ್ಥವಾಗುತ್ತದೆ. 2020ರಲ್ಲಿ ನಮ್ಮ ದೇಶದಲ್ಲಿ 37 ವಾರ ತುಂಬದೆ ಹುಟ್ಟಿದ ಮಕ್ಕಳು ಸುಮಾರು 30 ಲಕ್ಷ. ಪ್ರಪಂಚದಲ್ಲಿ ಹಾಗೆ ಹುಟ್ಟುವ ಪ್ರತಿ ಐದರಲ್ಲಿ ಒಂದಕ್ಕಿಂತ ಜಾಸ್ತಿ ನಮ್ಮದೇ. ವಿಶ್ವ ಆರೋಗ್ಯ ಸಂಸ್ಥೆ 2022ರ ನವೆಂಬರಿನಲ್ಲಿ ಶಿಫಾರಸು ಬದಲಿಸಿತು. ಕಾಂಗರೂ ಆರೈಕೆ ಹುಟ್ಟಿದ ಕೂಡಲೇ ಶುರುವಾಗಲಿ, ದಿನಕ್ಕೆ 8ರಿಂದ 24 ಗಂಟೆ ನಡೆಯಲಿ ಅಂತ ಹೇಳಿತು. ನಾವಿದ್ದ ಕಡೆ ತಾಯಿಗೆ ಒಳಗೆ ಬಿಡುತ್ತಿದ್ದದ್ದು ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ, ಮತ್ತೆ ಹಾಲು ಕೊಡಲು ಬಾಗಿಲವರೆಗೆ. ಎಂಟು ಗಂಟೆ ಎಲ್ಲಿಂದ ತರೋಣ?

ಒಳಗೆ ಬಿಡದೇ ಇರುವುದಕ್ಕೆ ಕಾರಣ ಕೇಳಿದಾಗ ಮೂರು ಉತ್ತರ ಸಿಕ್ಕವು. ಮೊದಲನೆಯದು ಸೋಂಕು. ಆದರೆ ಅದೇ ಅಧ್ಯಯನದಲ್ಲಿ ತಾಯಿಯ ಜೊತೆಗಿದ್ದ ಮಕ್ಕಳಿಗೆ ಸೋಂಕಿನ ಕಾಯಿಲೆ ಕಮ್ಮಿಯೇ ಆಗಿತ್ತು. ಕೈ ತೊಳೆದು, ಶುಭ್ರ ಗೌನು ಹಾಕಿದ ತಾಯಿಯಿಂದ ಮಗುವಿಗೆ ಅಪಾಯವಿಲ್ಲ. ಹೊರಗೆ ಕಾರಿಡಾರಿನ ನೆಲದ ಮೇಲೆ ಮಲಗಿಸಿ, ಸ್ನಾನಕ್ಕೆ ನೀರು ಕೊಡದೆ, ಆಮೇಲೆ ಸೋಂಕು ಅಂದರೆ ಹೇಗೆ? ಎರಡನೆಯದು ಮಗು ಕಳ್ಳತನದ ಭಯ. ಇದು ಸುಳ್ಳು ಭಯವಲ್ಲ, ಪೇಪರಿನಲ್ಲಿ ಓದುತ್ತೇವೆ. ಅದಕ್ಕೆ ತಾಯಿಗೂ ಮಗುವಿಗೂ ಒಂದೇ ನಂಬರಿನ ಟ್ಯಾಗು, ಬಾಗಿಲಿಗೆ ಕ್ಯಾಮೆರಾ ಇರಲಿ. ನಿಜ ಹೇಳಬೇಕೆಂದರೆ, ತಾಯಿಯ ಎದೆಗೆ ಕಟ್ಟಿದ ಮಗುವನ್ನು ಕದಿಯುವುದೇ ಎಲ್ಲಕ್ಕಿಂತ ಕಷ್ಟ. ಮೂರನೆಯದು ಜಾಗ. ಇದನ್ನು ಒಪ್ಪುತ್ತೇನೆ. ಜಾಗ ಇಲ್ಲ. ಹಾಗಂತ ಆ ಹೆಂಗಸರು ಗಾಳಿಯಲ್ಲಿ ಕರಗಿಹೋಗಲಿಲ್ಲವಲ್ಲ. ಅದೇ ಕಟ್ಟಡದಲ್ಲೇ ಮಲಗಿದ್ದರು. ಈಗಾಗಲೇ ಬಳಸುತ್ತಿರುವ ಜಾಗವನ್ನು ಮನುಷ್ಯರು ಇರುವಂತೆ ಮಾಡಿ ಅನ್ನುವುದಷ್ಟೇ ನನ್ನ ಕೋರಿಕೆ.

ದೆಹಲಿಯ ಉದಾಹರಣೆ ನಮಗೆ ಆಗಲ್ಲ ಅನ್ನುವವರಿಗೆ ನಮ್ಮ ಕೊಪ್ಪಳವಿದೆ. ಅಲ್ಲಿ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ, ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ನಿಮ್ಮದೇ ಇಲಾಖೆ ಸೇರಿ, ವಿಶ್ವ ಆರೋಗ್ಯ ಸಂಸ್ಥೆಯ ಬೆಂಬಲದಲ್ಲಿ, ಕಾಂಗರೂ ಆರೈಕೆಯನ್ನು ಜಿಲ್ಲೆಯುದ್ದಕ್ಕೂ ನಡೆಸಿ ತೋರಿಸಿವೆ. ಆಸ್ಪತ್ರೆಯಲ್ಲಿ ಶುರು, ಮನೆಗೆ ಹೋದ ಮೇಲೆ ಆಶಾ ಕಾರ್ಯಕರ್ತೆಯರ ಬೆನ್ನಾಸರೆ. ಕೊಪ್ಪಳ ಶ್ರೀಮಂತ ಜಿಲ್ಲೆಯಲ್ಲ. ಅಲ್ಲಿ ಆಗಿದ್ದು ಉಳಿದ ಜಿಲ್ಲೆಗಳಲ್ಲಿ ಯಾಕೆ ಆಗಬಾರದು? ದಿನಕ್ಕೆ ಎಂಟು ಗಂಟೆ ತಾಯಿಯೊಬ್ಬಳಿಂದಲೇ ಆಗುವ ಕೆಲಸವೂ ಅಲ್ಲ. ಅವಳು ಉಣ್ಣಬೇಕು, ಮಲಗಬೇಕು. ಅಪ್ಪಂದಿರನ್ನೂ ಒಳಗೆ ಬಿಡಿ, ಅಜ್ಜಿಯರನ್ನೂ ಒಳಗೆ ಬಿಡಿ. ಕುಟುಂಬದವರನ್ನು ಆರೈಕೆಯಲ್ಲಿ ಸೇರಿಸಿಕೊಳ್ಳಿ ಅಂತ ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ನಮ್ಮ ಅಳಿಯ ಮೊದಲು ನಾಚಿಕೊಂಡ, ಅಂಗಿ ಬಿಚ್ಚಿ ಕೂರುವುದು ಹೇಗೆ ಅಂತ. ಮನೆಗೆ ಬಂದ ಮೇಲೆ ಮಗು ಅವನ ಎದೆಯ ಮೇಲೇ ಹೆಚ್ಚು ನಿದ್ದೆ ಮಾಡಿತು.

ಇನ್ನೊಂದು ವಿಷಯ, ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ದಯವಿಟ್ಟು ತಾಯಿಗೆ ಸುದ್ದಿ ಹೇಳಿ. ಮಗುವಿನ ಸ್ಥಿತಿ ಹೇಗಿದೆ ಅನ್ನುವುದನ್ನು ದಿನಕ್ಕೆ ಒಮ್ಮೆ ಹೇಳುತ್ತಿದ್ದರು. ಹೇಳುತ್ತಿದ್ದದ್ದು ಗಂಡಸರಿಗೆ. ಗಂಡ, ಮಾವ, ಅಣ್ಣ ಯಾರಾದರೂ ಸರಿ, ಸಹಿ ಹಾಕುವವರು ಅವರೇ. 'ಸ್ಯಾಚುರೇಷನ್ ಡೌನ್ ಆಗ್ತಿದೆ, ಸೆಪ್ಸಿಸ್ ಸ್ಕ್ರೀನ್ ಕಳಿಸಿದ್ದೇವೆ' ಅಂದರೆ ಹೊಲದಿಂದ ಎದ್ದು ಬಂದ ಮನುಷ್ಯನಿಗೆ ಏನು ತಿಳಿಯಬೇಕು? ಅವನು ಹೊರಗೆ ಬಂದು ಹೆಂಡತಿಗೆ 'ಚೆನ್ನಾಗಿದೆಯಂತೆ' ಅನ್ನುತ್ತಾನೆ. ಬಾಣಂತಿಗೆ ಕೆಟ್ಟ ಸುದ್ದಿ ಹೇಳಬಾರದು, ಹಾಲು ಬತ್ತುತ್ತದೆ ಅಂತ ಮನೆಯವರ ನಂಬಿಕೆ. ಒಬ್ಬಳ ಮಗು ಬೆಳಗಿನ ಜಾವ ತೀರಿಕೊಂಡಿತ್ತು. ಹತ್ತು ಗಂಟೆಗೆ ಅವಳು ಹಾಲು ಹಿಂಡಿದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಒಳಗಿನವರಿಗೂ ಗೊತ್ತಿತ್ತು, ಹೊರಗೆ ಕೂತ ನಮಗೂ ಗೊತ್ತಾಗಿತ್ತು. ಅವಳಿಗೆ ಮಾತ್ರ ಗೊತ್ತಿರಲಿಲ್ಲ.

ಇಂಥ ಹೆಂಗಸರ ಮನಸ್ಸಿನ ಗತಿ ಏನು? ಅದೂ ಸಾಲದು ಅಂತ ಊರಿನವರ ಮಾತು ಬೇರೆ. ಏನು ತಿಂದೆ, ಗ್ರಹಣದಲ್ಲಿ ಹೊರಗೆ ಬಂದೆಯಾ, ಭಾರ ಎತ್ತಿದೆಯಾ. 'ಏಳು ತಿಂಗಳ ಕೂಸು ಉಳಿಯುತ್ತೆ, ಎಂಟು ತಿಂಗಳದ್ದು ಉಳಿಯಲ್ಲ' ಅಂತ ಒಬ್ಬ ಹಿರಿಯರು 33 ವಾರಕ್ಕೆ ಹೆತ್ತವಳ ಎದುರಿಗೇ ಹೇಳಿದರು. ಇದು ಶುದ್ಧ ಸುಳ್ಳು. ಹೊಟ್ಟೆಯಲ್ಲಿ ಒಂದೊಂದು ವಾರ ಜಾಸ್ತಿ ಇದ್ದಷ್ಟೂ ಮಗು ಉಳಿಯುವ ಸಾಧ್ಯತೆ ಜಾಸ್ತಿ. ಆದರೆ ಅದನ್ನು ಅವಳಿಗೆ ಹೇಳುವವರು ಯಾರೂ ಅಲ್ಲಿರಲಿಲ್ಲ. ತಾಯಿ-ಮಗುವನ್ನು ಒಟ್ಟಿಗೇ ಇಟ್ಟುಕೊಂಡು ಬಾಣಂತಿಯರ ಮಾನಸಿಕ ಕಾಯಿಲೆ ನೋಡುವ ವಾರ್ಡು ದೇಶದಲ್ಲೇ ಮೊದಲು ಶುರುವಾಗಿದ್ದು ನಮ್ಮ ನಿಮ್ಹಾನ್ಸ್‌ನಲ್ಲಿ. ಆ ತಿಳಿವಳಿಕೆ ನಿಮ್ಹಾನ್ಸ್ ಇರುವ ಹೊಸೂರು ರಸ್ತೆಯಿಂದ ಜಿಲ್ಲೆಗಳಿಗೆ ಬರಬೇಕು. ಎಸ್‌ಎನ್‌ಸಿಯುಗೆ ವಾರಕ್ಕೊಮ್ಮೆಯಾದರೂ ಒಬ್ಬ ಆಪ್ತ ಸಮಾಲೋಚಕಿ ಬರಲಿ. ಮಾನಸಿಕ ನೆರವಿನ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್‌ನ 14416 ನಂಬರನ್ನು ಕಾರಿಡಾರಿನ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ. ಈಗ ಆ ಗೋಡೆಯ ಮೇಲೆ ಇರುವುದು 'ಇಲ್ಲಿ ಕೂರಬಾರದು' ಅನ್ನುವ ಬೋರ್ಡು.

ತಾಯಿ ಒಂದು ಊರು, ಮಗು ಒಂದು ಊರು ಆಗುವುದೂ ಇದೆ. ತಾಲ್ಲೂಕಿನಲ್ಲಿ ಹೆರಿಗೆ, ಮಗುವನ್ನು ಆಂಬುಲೆನ್ಸಿನಲ್ಲಿ ಅಪ್ಪನ ಜೊತೆ ಜಿಲ್ಲೆಗೆ ಕಳಿಸುತ್ತಾರೆ. ತಾಯಿ ಮೂರು ನಾಲ್ಕು ದಿನ ಬಿಟ್ಟು ಬರುತ್ತಾಳೆ. ಅಷ್ಟು ಹೊತ್ತಿಗೆ ಮೊದಲ ಹಾಲು ವ್ಯರ್ಥವಾಗಿರುತ್ತದೆ, ಮಗು ಡಬ್ಬಿಗೆ ಹೊಂದಿಕೊಂಡಿರುತ್ತದೆ. ತಾಯಿಗೆ ಪ್ರಯಾಣ ಮಾಡುವ ಶಕ್ತಿ ಇದ್ದರೆ ಇಬ್ಬರನ್ನೂ ಒಂದೇ ಗಾಡಿಯಲ್ಲಿ ಕಳಿಸಿ. ಹೆರಿಗೆ ಮುಂಚೆಯೇ ಕಳಿಸಿದರೆ ಇನ್ನೂ ಒಳ್ಳೆಯದು. ನನ್ನ ಮಗಳ ವಿಷಯದಲ್ಲಿ ತಾಲ್ಲೂಕಿನ ಡಾಕ್ಟರು ಮಾಡಿದ್ದು ಅದನ್ನೇ.

ಮನೆಗೆ ಕಳಿಸುವಾಗ ಕಣ್ಣಿನ ಪರೀಕ್ಷೆಯ ಮಾತನ್ನು ಬಾಯಲ್ಲಿ, ಕನ್ನಡದಲ್ಲಿ ಹೇಳಿ. ದಿನ ತುಂಬದ ಮಕ್ಕಳ ಕಣ್ಣಿನ ಪರದೆಯ ತೊಂದರೆಯನ್ನು ಹುಟ್ಟಿದ 30 ದಿನದೊಳಗೆ ನೋಡಿಸಬೇಕು. ತಡವಾದರೆ ಕುರುಡು. ನಾರಾಯಣ ನೇತ್ರಾಲಯದ 'ಕಿಡ್‌ರಾಪ್' ತಂಡ 2008ರಿಂದ ಹಳ್ಳಿಗಾಡಿನ ಜಿಲ್ಲೆಗಳಿಗೆ ಕ್ಯಾಮೆರಾ ತೆಗೆದುಕೊಂಡು ಹೋಗಿ, ಚಿತ್ರ ಕಳಿಸಿ, ಈ ಪರೀಕ್ಷೆ ಮಾಡುತ್ತಾ ಬಂದಿದೆ. ಸೌಲಭ್ಯ ಇದೆ. ನಮ್ಮ ಚೀಟಿಯಲ್ಲಿ ಅದನ್ನು ಇಂಗ್ಲಿಷಿನ ಮೂರು ಅಕ್ಷರದಲ್ಲಿ ಬರೆದಿದ್ದರು. ನಾನು ಓದಿದೆ. ತಾಂಡಾದ ಹುಡುಗಿಗೆ ಯಾರು ಓದಿ ಹೇಳಬೇಕು?

ಖಾಸಗಿ ಆಸ್ಪತ್ರೆಗಳನ್ನೂ ಬಿಡಬೇಡಿ. ಅಲ್ಲಿ ಕಾರಿಡಾರಿನಲ್ಲಿ ಯಾರೂ ಮಲಗುವುದಿಲ್ಲ, ಎಸಿ ಇದೆ, ಸೋಫಾ ಇದೆ. ಆದರೆ ಸಾವಿರಾರು ರೂಪಾಯಿ ದಿನಬಾಡಿಗೆ ಕೊಟ್ಟೂ ಮಗುವನ್ನು ಗಾಜಿನ ಆಚೆಯಿಂದ ನೋಡಿ ಬರುವ ತಾಯಂದಿರನ್ನು ಬಲ್ಲೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ, ನಿಮ್ಮ ಕೈಯಲ್ಲಿದೆ. ಅದರಲ್ಲಿ ರೋಗಿಗಳ ಹಕ್ಕುಪಟ್ಟಿಯೂ ಇದೆ. ನವಜಾತ ಶಿಶು ಐಸಿಯುಗೆ ತಾಯಿ-ತಂದೆ ಯಾವ ಹೊತ್ತಿನಲ್ಲೂ ಹೋಗಬಹುದು ಅನ್ನುವ ಒಂದು ಸಾಲನ್ನು ಸೇರಿಸಿ.

ರಜೆಯ ವಿಷಯ ಕಾರ್ಮಿಕ ಇಲಾಖೆಗೆ ಸೇರಿದ್ದು. ಆದರೂ ನಿಮ್ಮ ಸಹೋದ್ಯೋಗಿಗಳ ಕಿವಿಗೆ ಹಾಕಿ. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಒಬ್ಬಳು ಅಲ್ಲಿದ್ದಳು. ಅವಳ 26 ವಾರದ ರಜೆ ಕಾರಿಡಾರಿನಲ್ಲೇ ಕರಗುತ್ತಿತ್ತು. ಅವಧಿಗೆ ಮುನ್ನ ಹೆರಿಗೆಯಿಂದ ಕಾಯಿಲೆಯಾದರೆ ಡಾಕ್ಟರ ಚೀಟಿಯ ಮೇಲೆ ಇನ್ನೊಂದು ತಿಂಗಳ ಸೌಲಭ್ಯ ಕಾರ್ಮಿಕರ ವಿಮೆಯಾದ ಇಎಸ್‌ಐನಲ್ಲಿ ಇದೆ. ಅವಳಿಗೆ ಅದು ಗೊತ್ತೇ ಇರಲಿಲ್ಲ. ಡಿಸ್ಚಾರ್ಜ್ ಕೊಡುವಾಗ ಇಂಥ ಒಂದು ಮಾತು ಹೇಳಿದರೆ ಸಾಕಲ್ವಾ?

ಸಿಸ್ಟರುಗಳ ಮೇಲೆ ಈ ಪತ್ರದಿಂದ ಕೋಪ ಮಾಡಿಕೊಳ್ಳಬೇಡಿ. ರಾತ್ರಿ ಪಾಳಿಯಲ್ಲಿ ಇಬ್ಬರೇ ಅಷ್ಟೂ ಮಕ್ಕಳನ್ನು ನೋಡುವುದನ್ನು ಕಂಡಿದ್ದೇನೆ. ಬೈಯುವವರೂ ಇದ್ದರು. ತಮ್ಮ ಡಬ್ಬಿಯ ಚಪಾತಿಯನ್ನು ಬಾಣಂತಿಗೆ ಕೊಟ್ಟವರೂ ಅವರೇ. ತಾಯಂದಿರು ಒಳಗಿದ್ದರೆ ಒಳಲೆಯಲ್ಲಿ ಹಾಲು ಕುಡಿಸುವುದು, ಬಟ್ಟೆ ಬದಲಿಸುವುದು, ಮೈ ಬೆಚ್ಚಗಿದೆಯೇ ಅಂತ ಮುಟ್ಟಿ ನೋಡುವುದು ಅವರೇ ಕಲಿಯುತ್ತಾರೆ. ಸಿಸ್ಟರುಗಳಿಗೆ ಸೂಜಿ, ಔಷಧಿ, ಆಮ್ಲಜನಕ ನೋಡಲು ಸಮಯ ಸಿಗುತ್ತದೆ. ಮನೆಗೆ ಹೋದ ಮೇಲೆ ಒಂದೂಮುಕ್ಕಾಲು ಕೆಜಿಯ ಮಗುವನ್ನು ಎತ್ತಲು ತಾಯಿಯ ಕೈ ನಡುಗುವುದೂ ತಪ್ಪುತ್ತದೆ. ನನ್ನ ಮಗಳ ಕೈ ನಡುಗಿತ್ತು.

ಆದೇಶ ಹೀಗಿದ್ದರೆ ಸಾಕು. ಎಸ್‌ಎನ್‌ಸಿಯುನಲ್ಲಿ ಮಗು ಇರುವವರೆಗೆ ತಾಯಿಯೂ ಒಳರೋಗಿ. ಅವಳ ಕೇಸ್ ಶೀಟ್ ತೆರೆದೇ ಇರಬೇಕು, ಬಿಪಿ ಮತ್ತು ಹೊಲಿಗೆಯನ್ನು ದಿನವೂ ನೋಡಬೇಕು. ಜನನಿ ಶಿಶು ಸುರಕ್ಷೆಯ ಊಟಕ್ಕೆ ದಿನದ ಮಿತಿ ಬೇಡ. ಬೇಕಾದರೆ ಮಾತೃಪೂರ್ಣದ ಅವಳ ಪಾಲನ್ನು ಆಸ್ಪತ್ರೆಗೆ ವರ್ಗಾಯಿಸಿ, ಎರಡು ಇಲಾಖೆಯ ನಡುವೆ ಒಂದು ಪತ್ರದ ಕೆಲಸ ಅದು. ಎಸ್‌ಎನ್‌ಸಿಯು ಪಕ್ಕದಲ್ಲಿ ಅಥವಾ ಅದೇ ಅಂತಸ್ತಿನಲ್ಲಿ ಮಂಚ, ಬಿಸಿನೀರು, ಶೌಚಾಲಯ ಇರುವ ಕೋಣೆ ಬೇಕು. ಹಗಲು ರಾತ್ರಿ ಯಾವಾಗ ಬೇಕಾದರೂ ಮಗುವಿನ ಹತ್ತಿರ ಹೋಗಲು ಬಿಡಬೇಕು. ಹೊಸ ಕಟ್ಟಡ ಕಟ್ಟುವ ಕಡೆ ತಾಯಿ ಮತ್ತು ಕೂಸು ಒಟ್ಟಿಗೇ ಇರುವ ಘಟಕವನ್ನೇ ಕಟ್ಟಿ.

ನವೆಂಬರ್ 17 ಅವಧಿಪೂರ್ವ ಹುಟ್ಟಿದ ಮಕ್ಕಳ ದಿನ. ಆ ದಿನ ಕಟ್ಟಡಗಳಿಗೆ ನೇರಳೆ ಬಣ್ಣದ ದೀಪ ಹಾಕುವ ರೂಢಿ ಇದೆ. ದೀಪ ಹಾಕಿ, ಬೇಡ ಅನ್ನುವುದಿಲ್ಲ. ಅದಕ್ಕೂ ಮೊದಲು ಯಾವುದಾದರೂ ಒಂದು ಜಿಲ್ಲಾ ಆಸ್ಪತ್ರೆಗೆ ರಾತ್ರಿ ಒಂಬತ್ತರ ಮೇಲೆ, ಮುಂಚಿತವಾಗಿ ತಿಳಿಸದೆ ಹೋಗಿ ಬನ್ನಿ. ಎಸ್‌ಎನ್‌ಸಿಯು ಒಳಗೆ ಹೋಗುವುದು ಬೇಡ. ಹೊರಗಿನ ಕಾರಿಡಾರು ನೋಡಿದರೆ ಸಾಕು.

ಈ ಪತ್ರದ ಪ್ರತಿಯನ್ನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೂ ರಾಷ್ಟ್ರೀಯ ಆರೋಗ್ಯ ಅಭಿಯಾನದ ರಾಜ್ಯ ನಿರ್ದೇಶಕರಿಗೂ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. 'ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು' ಅನ್ನುವ ಉತ್ತರ ಬೇಡ, ಅಂಥವು ನನ್ನ ಹತ್ತಿರ ಸರ್ವಿಸಿನ ಕಾಲದ್ದೇ ಬೇಕಾದಷ್ಟಿವೆ. ಆದೇಶದ ಸಂಖ್ಯೆ ಮತ್ತು ದಿನಾಂಕ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ